ಅಪ್ಪ-ಅವ್ವ ಜರ್ಮನಿಗೆ ಹೊಂಟಾರೆ, ಇ-ಸಿಮ್ ಹಾಕಿಸ್ಬೇಕಾ, ಇಲ್ಲಿ ಸಿಮ್ಮಿಗೇ ರೋಮಿಂಗ್ ಸಾಕಾ?

ಕುಂದವಾಡ ಕೆರೆ:

ಎಲ್ರಿಗೂ ನಮಸ್ಕಾರ. ನಮ್ದು ದಾವಣಗೆರೆ, ವಿದ್ಯಾನಗರ. ಮುಂದಿನ ತಿಂಗ್ಳು ಅಪ್ಪ-ಅವ್ವ ಇಬ್ರೂ ನನ್ನ ತಂಗಿ ಬಾಣಂತನಕ್ಕೆ ಅಂತ ಜರ್ಮನಿಗೆ ಹೊಂಟಾರೆ, ಸ್ಟುಟ್‌ಗಾರ್ಟ್ ಹತ್ರ ಊರು. ಇಬ್ರಿಗೂ ಇದೇ ಮೊದ್ಲ್ನೇ ವಿಮಾನ. ಬೆಂಗ್ಳೂರಿಂದ ದೋಹಾ, ಅಲ್ಲಿ ನಾಲ್ಕು ತಾಸು ಕಾಯೋದು, ಆಮೇಲೆ ಫ್ರಾಂಕ್‌ಫರ್ಟ್. ಫ್ರಾಂಕ್‌ಫರ್ಟ್‌ಗೆ ಅಳಿಯಂದ್ರು ಬರ್ತಾರೆ, ಅಲ್ಲಿಂದ ರೈಲು. ಒಟ್ಟು 85 ದಿನ ಇರ್ತಾರೆ.

ಈಗ ತಲೆನೋವು ಫೋನಿಂದು. ಅಪ್ಪಂದು ಸ್ಯಾಮ್‌ಸಂಗ್ ಫೋನು, ಎರಡು ಸಿಮ್ ಐತಿ. ಒಂದು ದಿನಾ ಮಾತಾಡೋದು ಮತ್ತೆ ವಾಟ್ಸ್ಯಾಪ್ ಇರೋದು, ಇನ್ನೊಂದು ಹಳೇ ನಂಬರು, ಪೆನ್ಷನ್ ಅಕೌಂಟಿಗೆ ಲಿಂಕ್ ಆಗಿರೋದು ಅದೇ. ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಒಟಿಪಿ ಬರ್ಲಿಲ್ಲ ಅಂದ್ರೆ ಊಟ ಸೇರಲ್ಲ ಅವ್ರಿಗೆ. ಅವ್ವನ ಫೋನು ಹಳೇದು, ಅದ್ರಾಗೆ ಮೊಮ್ಮಕ್ಳ ಫೋಟೋ ಬಿಟ್ರೆ ಬೇರೆ ಏನೂ ಇಲ್ಲ.

ಇಲ್ಲಿ ಕಂಪ್ನಿಯೋರ ರೋಮಿಂಗ್ ಪ್ಯಾಕ್ ನೋಡ್ದೆ, ಹತ್ತು ದಿನಕ್ಕೇ ಸಾವಿರಗಳ ಲೆಕ್ಕ, 85 ದಿನಕ್ಕೆ ಅದ್ನ ಗುಣಿಸಿದ್ರೆ ಇನ್ನೊಂದು ಟಿಕೆಟ್ಟೇ ಬರುತ್ತೆ. ನನ್ನ ಜೊತೆ ಕೆಲಸ ಮಾಡೋನು ಇ-ಸಿಮ್ ತಗೊ, ಇಲ್ಲೇ ಮನೇಲಿ ಕೂತು ಹಾಕ್ಬೋದು, ಅಲ್ಲಿ ಇಳಿದ ಕೂಡ್ಲೆ ನೆಟ್ ಬರುತ್ತೆ ಅಂತಾನೆ. ಆದ್ರೆ ಅವ್ನು ಇಪ್ಪತ್ತೆಂಟು ವರ್ಷದ ಹುಡುಗ, ಅಪ್ಪಂಗೆ ಎಪ್ಪತ್ತು. ಸಿಮ್ಮೇ ಇಲ್ದೆ ಸಿಮ್ ಹೆಂಗಪ್ಪಾ ಅಂತ ನಿನ್ನೆ ರಾತ್ರಿಯಿಂದ ಕೇಳ್ತಾ ಇದಾರೆ, ನನಗೂ ಸರಿಯಾಗಿ ಹೇಳೋಕೆ ಬರ್ಲಿಲ್ಲ. ಯಾರಾದ್ರೂ ಮಾಡಿರೋರು ಇದ್ರೆ ಹೇಳ್ರಿ, ಹಳೇ ಸಿಮ್ ತೆಗೀಬೇಕಾ, ವಾಟ್ಸ್ಯಾಪ್ ನಂಬರ್ ಬದಲಾಗುತ್ತಾ, ಒಟಿಪಿ ಬರುತ್ತಾ.

ಮಂಡಕ್ಕಿ ಮಿರ್ಚಿ:

ಇಷ್ಟೆಲ್ಲಾ ಯಾಕ್ರಿ. ಅಳಿಯಂದ್ರು ಬರ್ತಾರಲ್ಲ, ಅಲ್ಲಿದೇ ಸಿಮ್ ಕೊಡ್ಸಲಿ. ಮುಗೀತು.

ದುರ್ಗದ ಕಲ್ಲು:

ಮಿರ್ಚಿ ಅಣ್ಣ ಹೇಳಿದ್ದು ಅರ್ಧ ಸರಿ, ಅರ್ಧ ಯಾಕೆ ಸರಿಯಿಲ್ಲ ಅಂತ ಹೇಳ್ತೀನಿ. ನಾನು ಚಿತ್ರದುರ್ಗದೋನು, ಕೆಲಸದ ಮೇಲೆ ವರ್ಷಕ್ಕೆ ಎರಡ್ಮೂರು ಸಲ ಯುರೋಪ್ ಕಡೆ ಹೋಗೋದು ಇರುತ್ತೆ, ಹೋದ ವರ್ಷ ನಮ್ಮ ಅಪ್ಪಾಜಿನೂ ಕರ್ಕೊಂಡು ಹೋಗಿದ್ದೆ, ಹಂಗಾಗಿ ವಯಸ್ಸಾದೋರ ಕಥೆ ಗೊತ್ತೈತೆ.

ಮೊದ್ಲು ಅಪ್ಪಾಜಿ ಪ್ರಶ್ನೆಗೆ ಉತ್ತರ. ಸಿಮ್ ಅನ್ನೋದು ಆ ಪ್ಲಾಸ್ಟಿಕ್ ಚೂರಲ್ಲ, ಅದರೊಳಗೆ ಬರೆದಿರೋ ಗುರುತು. ಯಾವ ಕಂಪ್ನಿ ಗಿರಾಕಿ, ಯಾವ ಕೀಲಿ ಅನ್ನೋದು. ಇ-ಸಿಮ್ ಫೋನಲ್ಲಿ ಆ ಚಿಪ್ಪನ್ನ ಫ್ಯಾಕ್ಟರೀಲೇ ಬೋರ್ಡಿಗೆ ಬೆಸೆದಿರ್ತಾರೆ, ಖಾಲಿ ಸ್ಲೇಟ್ ಇದ್ದಂಗೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಕಂಪ್ನಿ ಸರ್ವರಿಂದ ಆ ಗುರುತು ಇಳ್ಕೊಂಡು ಸ್ಲೇಟ್ ಮೇಲೆ ಬರ್ಕೊಳ್ಳುತ್ತೆ. ಹಳೇ ಸಿಮ್ ಅಲ್ಲೇ ಇರುತ್ತೆ, ಅದನ್ನ ಮುಟ್ಟೋ ಹಂಗೇ ಇಲ್ಲ. ಮೇಷ್ಟ್ರಿಗೆ ಸ್ಲೇಟು ಅಂದ್ರೆ ಅರ್ಥ ಆಗುತ್ತೆ ನೋಡಿ.

ಮೊದ್ಲು ಫೋನಲ್ಲಿ ಇ-ಸಿಮ್ ಐತಾ ನೋಡಿ. ಡಯಲ್ ಪ್ಯಾಡಲ್ಲಿ *#06# ಒತ್ತಿ. ಐಎಂಇಐ, ಅಂದ್ರೆ ಫೋನಿನ ಗುರುತಿನ ನಂಬರ್, ಅದರ ಜೊತೆಗೆ ಇಐಡಿ ಅಂತ 32 ಅಂಕಿ ಉದ್ದದ ನಂಬರ್ ಬಂದ್ರೆ ಐತೆ ಅಂತ, ಬರ್ಲಿಲ್ಲ ಅಂದ್ರೆ ಇಲ್ಲ, ಆಗ ಮಿರ್ಚಿ ಅಣ್ಣನ ದಾರಿನೇ ಗತಿ. ಇದನ್ನ ನೋಡದೆ ದುಡ್ಡು ಕಟ್ಟಬೇಡಿ.

ಎರಡ್ನೇದು, ಟ್ರಾವೆಲ್ ಇ-ಸಿಮ್ ಅಂತ ಮಾರೋದು ಬಾಳಷ್ಟು ಬರೀ ಡೇಟಾ. ಅದಕ್ಕೆ ಮಾತಾಡೋ ನಂಬರ್ ಇರಲ್ಲ, ಎಸ್ಸೆಮ್ಮೆಸ್ ಇರಲ್ಲ. ಅಪ್ಪಾಜಿ ವಾಟ್ಸ್ಯಾಪ್ ಈಗಿರೋ ನಂಬರಲ್ಲೇ ನಡೆಯುತ್ತೆ, ಯಾಕಂದ್ರೆ ವಾಟ್ಸ್ಯಾಪಿಗೆ ನೆಟ್ ಎಲ್ಲಿಂದ ಬಂದ್ರೂ ಒಂದೇ. ಒಂದ್ವೇಳೆ ನಂಬರ್ ಬದಲಿಸ್ತೀರಾ ಅಂತ ಕೇಳಿದ್ರೆ ಬೇಡ ಅಂತ ಒತ್ತಬೇಕು ಅಷ್ಟೇ. ಊರಲ್ಲಿ ಇರೋ ನೆಂಟ್ರು ಫೋನ್ ಮಾಡೋದು ವಾಟ್ಸ್ಯಾಪಲ್ಲೇ ಮಾಡಲಿ ಅಂತ ಮೊದ್ಲೇ ಹೇಳಿಬಿಡಿ.

ಮೂರ್ನೇದು ಮುಖ್ಯ. ಈ ಇ-ಸಿಮ್ ಜರ್ಮನಿದಲ್ಲ! ಯಾವುದೋ ಮೂರ್ನೇ ದೇಶದ ಕಂಪ್ನಿದು ಇರುತ್ತೆ, ಜರ್ಮನಿಗೆ ಅದೂ ನಮ್ಮಂಗೇ ಅತಿಥಿ. ಹಂಗಾಗಿ ಆ ಇ-ಸಿಮ್ಮಿಗೆ ಡೇಟಾ ರೋಮಿಂಗ್ ಆನ್ ಇರ್ಬೇಕು. ಇಲ್ಲಿ ಸಿಮ್ಮಿಗೆ ಡೇಟಾ ರೋಮಿಂಗ್ ಆಫ್ ಇರ್ಬೇಕು. ಒಂದು ಆನ್ ಒಂದು ಆಫ್. ಎಲ್ರೂ ಎಡವೋದು ಇಲ್ಲೇ.

ಈಗ ಮಿರ್ಚಿ ಅಣ್ಣನ ಮಾತಿಗೆ. 85 ದಿನ ಪೂರ್ತಿ ಟ್ರಾವೆಲ್ ಇ-ಸಿಮ್ಮಲ್ಲಿ ಇರೋದು ದಂಡ. ಮನೇಲಿ ವೈಫೈ ಇರುತ್ತೆ, ಹೊರಗೆ ಓಡಾಡೋಕೆ ಅಲ್ಲೀ ಪ್ರೀಪೇಯ್ಡ್ ಅಗ್ಗ. ಆದ್ರೆ ಜರ್ಮನೀಲಿ 2017ರಿಂದ ಪ್ರೀಪೇಯ್ಡ್ ಸಿಮ್ಮಿಗೂ ಪಾಸ್‌ಪೋರ್ಟ್ ತೋರ್ಸಿ ಗುರುತು ಪಕ್ಕಾ ಮಾಡಿಸ್ಕೊಬೇಕು, ನಮ್ಮ ಆಧಾರ್ ಕೆವೈಸಿ ಇದ್ದಂಗೆ, ಇಳಿದ ಗಳಿಗೇಲಿ ಆಗೋ ಕೆಲ್ಸ ಅಲ್ಲ. ಹಂಗಾಗಿ ಮೊದಲ ಹತ್ತು-ಹದಿನೈದು ದಿನಕ್ಕೆ ಚಿಕ್ಕದೊಂದು ಇ-ಸಿಮ್, ಆಮೇಲೆ ಅಳಿಯಂದ್ರು ಆರಾಮಾಗಿ ಅಲ್ಲೀ ಸಿಮ್ ಮಾಡಿಸ್ಲಿ. ಏರ್‌ಪೋರ್ಟಲ್ಲಿ ಅಳಿಯಂದ್ರು ಒಂದು ಟರ್ಮಿನಲ್ಲಲ್ಲಿ ನಿಂತು, ಅಪ್ಪಾಜಿ ಇನ್ನೊಂದು ಟರ್ಮಿನಲ್ಲಲ್ಲಿ ನಿಂತು, ಮಧ್ಯ ನೆಟ್ ಇಲ್ದೆ ಇರೋ ಆ ಒಂದು ತಾಸಿಗೋಸ್ಕರ ನೀವು ದುಡ್ಡು ಕೊಡ್ತಿರೋದು ಅಂತ ತಿಳ್ಕಳಿ.

ಕುಂದವಾಡ ಕೆರೆ:

ಅಣ್ಣಾ ದೊಡ್ಡ ಉಪಕಾರ ಆತು. *#06# ಒತ್ತಿದೆ, ಇಐಡಿ ಬಂತು! ಸ್ಲೇಟಿನ ಕಥೆ ಅಪ್ಪಂಗೆ ಹೇಳ್ದೆ, ಹಂಗಾದ್ರೆ ಅಳಿಸ್ಬೋದಲ್ಲ ಅಂದ್ರು. ಅಳಿಸ್ಬೇಡಿ ಅಂತ ಕೈ ಮುಗ್ದೆ.

ಆದ್ರೆ ಒಟಿಪಿ ವಿಷ್ಯ ಇನ್ನೂ ತಿಳೀಲಿಲ್ಲ. ಮತ್ತೆ ಎರಡು ಸಿಮ್ ಇರೋ ಫೋನಿಗೆ ಇದು ಮೂರ್ನೇದಾಗಿ ಸೇರ್ಕೊಳ್ಳುತ್ತಾ?

ಪಿಬಿ ರೋಡ್ ಮೊಬೈಲ್:

ಸರ್ ನಮ್ದು ಮೊಬೈಲ್ ಅಂಗಡಿನೇ, ಅದಕ್ಕೆ ಈ ಹೆಸ್ರು. ಮೂರ್ನೇದಾಗಿ ಸೇರಲ್ಲ. ಬಾಳ ಆಂಡ್ರಾಯ್ಡ್ ಫೋನಲ್ಲಿ ಒಟ್ಟಿಗೆ ಎರಡೇ ಲೈನ್ ಜೀವಂತ ಇರ್ತವೆ. ಇ-ಸಿಮ್ ಆನ್ ಮಾಡಿದ ಕೂಡ್ಲೆ ಎರಡ್ನೇ ಸ್ಲಾಟಿನ ಸಿಮ್ ಮಲಗುತ್ತೆ. ನಿಮ್ಮ ಕಥೇಲಿ ಅಪಾಯ ಇರೋದು ಇಲ್ಲೇ, ಆ ಎರಡ್ನೇ ಸ್ಲಾಟಲ್ಲಿ ಇರೋದು ಪೆನ್ಷನ್ ನಂಬರ್ ಆಗಿದ್ರೆ ಒಟಿಪಿ ಹೋಯ್ತು ಅಂತ ಲೆಕ್ಕ. ನಮ್ಮ ಅಂಗಡಿಗೆ ಒಬ್ರು ಬಂದಿದ್ರು, ಮಗಳ ಮನೆಗೆ ಹೋಗಿ ಬಂದೋರು, ಎರಡು ತಿಂಗ್ಳು ಬ್ಯಾಂಕ್ ಮೆಸೇಜೇ ಬರ್ಲಿಲ್ಲ, ಬ್ಯಾಂಕ್‌ನೋರು ಅಕೌಂಟ್ ಕ್ಲೋಸ್ ಮಾಡಿದ್ರೇನೋ ಅಂತ ಹೆದ್ರಿದ್ರಂತೆ. ಸಿಮ್ ಮಲಗಿತ್ತು ಅಷ್ಟೇ.

ಹಿಂಗ್ ಮಾಡಿ. ಪೆನ್ಷನ್ ಸಿಮ್ಮು ಒಂದ್ನೇ ಸ್ಲಾಟಿಗೆ ಹಾಕಿ. ದಿನಾ ಮಾತಾಡೋ ಸಿಮ್ಮು, ಅಂದ್ರೆ ವಾಟ್ಸ್ಯಾಪ್ ನಂಬರಿನ ಸಿಮ್ಮು, ಅದನ್ನ ಅವ್ವಾರ ಫೋನಿಗೆ ಹಾಕಿಬಿಡಿ. ವಾಟ್ಸ್ಯಾಪ್ ಅಪ್ಪಾರ ಫೋನಲ್ಲೇ ನಡೀತಿರುತ್ತೆ, ಯಾವತ್ತಾದ್ರೂ ಮತ್ತೆ ನಂಬರ್ ಪರಿಶೀಲನೆ ಕೇಳಿದ್ರೆ ಕೋಡ್ ಅವ್ವಾರ ಫೋನಿಗೆ ಬರುತ್ತೆ, ಇಬ್ರೂ ಒಂದೇ ಮನೇಲಿ ಇರ್ತಾರಲ್ಲ. ಪಿನ್ನಲ್ಲಿ ಚುಚ್ಚಿ ತೆಗೆಯೋ ಟ್ರೇ, ವಿಮಾನದಲ್ಲಿ ತೆಗಿಯೋ ಕೆಲ್ಸ ಬೇಡ, ಇಲ್ಲೇ ಮಾಡಿ ಒಂದು ವಾರ ಬಳಸಿ ನೋಡಿ.

ಇನ್ನೊಂದು, ಯಾರಾದ್ರೂ ಫೋನ್ ಮಾಡಿ ನಿಮ್ಮ ಸಿಮ್ ಇ-ಸಿಮ್ ಮಾಡ್ಕೊಡ್ತೀವಿ, ಮೆಸೇಜ್ ಬರುತ್ತೆ ಒಪ್ಪಿಗೆ ಕೊಡಿ ಅಂದ್ರೆ ತಕ್ಷಣ ಕಟ್ ಮಾಡಿ. ನಿಮ್ಮ ನಂಬರ್ ಅವ್ರ ಫೋನಲ್ಲಿ ಇ-ಸಿಮ್ ಆಗಿ ಕೂತು, ಒಟಿಪಿ ಎಲ್ಲಾ ಅವ್ರಿಗೆ ಹೋಗುತ್ತೆ. ಟ್ರಾವೆಲ್ ಇ-ಸಿಮ್ಮಿಗೂ ಇದಕ್ಕೂ ಸಂಬಂಧ ಇಲ್ಲ, ಆದ್ರೆ ವಯಸ್ಸಾದೋರು ಇ-ಸಿಮ್ ಅನ್ನೋ ಹೆಸ್ರು ಈಗ ತಾನೇ ಕಲ್ತಿರ್ತಾರೆ, ಆ ಹೆಸ್ರು ಹೇಳ್ಕೊಂಡು ಫೋನ್ ಬಂದ್ರೆ ನಂಬಿಬಿಡ್ತಾರೆ. ಮತ್ತೆ ಹೋಗೋ ವಾರದಲ್ಲಿ ಇಲ್ಲಿ ಸಿಮ್ಮನ್ನ ಇ-ಸಿಮ್ ಮಾಡ್ಸೋ ಸಾಹಸನೂ ಬೇಡ.

ಹರಿಹರದ ಸೇತುವೆ:

ಒಟಿಪಿ ಬಗ್ಗೆ ನಾನು ಹೇಳ್ತೀನಿ, ಪೆಟ್ಟು ತಿಂದೋನು ನಾನು.

ಪರದೇಶದಲ್ಲಿ ನಮ್ಮ ಸಿಮ್ಮಿಗೆ ಮೆಸೇಜ್ ಬರ್ಬೇಕು ಅಂದ್ರೆ ಆ ಸಿಮ್ಮಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಅನ್ನೋ ಸೇವೆ ಆನ್ ಇರ್ಬೇಕು. ಡೇಟಾ ರೋಮಿಂಗ್ ಬೇರೆ, ಇದು ಬೇರೆ. ಡೇಟಾ ರೋಮಿಂಗ್ ಫೋನಿನ ಸೆಟ್ಟಿಂಗು, ಇದು ಕಂಪ್ನಿ ಕಡೆಯಿಂದ ಆನ್ ಮಾಡೋದು, ಅವ್ರ ಆ್ಯಪಲ್ಲೋ ಕಸ್ಟಮರ್ ಕೇರಲ್ಲೋ. ಕೆಲವ್ರು ಒಂದು ಚಿಕ್ಕ ರೋಮಿಂಗ್ ರೀಚಾರ್ಜ್ ಇಲ್ದೆ ಆನ್ ಮಾಡಲ್ಲ, ನಿಮ್ಮ ಸಿಮ್ಮಿನೋರನ್ನ ಇಲ್ಲಿಂದ್ಲೇ ಕೇಳ್ಕಳ್ರಿ, ಅಲ್ಲಿಗೆ ಹೋದ ಮೇಲೆ ಕಸ್ಟಮರ್ ಕೇರ್ ಹಿಡಿಯೋದು ತುಂಗಭದ್ರೆ ಈಜಿದಂಗೆ. ಹಂಗೇ ವ್ಯಾಲಿಡಿಟಿ ನೋಡ್ರಿ, 28 ದಿನದ ರೀಚಾರ್ಜ್ ಹಾಕಿ ಕಳಿಸಿದ್ರೆ ಮಧ್ಯದಾಗ ಮುಗಿದು ಒಟಿಪಿ ನಿಲ್ಲುತ್ತೆ. 84 ದಿನದ್ದು ಹಾಕ್ಬೇಡ್ರಿ, ಒಂದೇ ದಿನಕ್ಕೆ ಕೈ ಕೊಡುತ್ತೆ!

ಈಗ ನನ್ನ ಕಥೆ. ಥಾಯ್ಲೆಂಡಿಗೆ ಗೆಳೆಯರ ಜೊತೆ ಹೋಗಿದ್ದೆ, ಇ-ಸಿಮ್ ಜೋರಾಗಿ ಹಾಕ್ಕೊಂಡು. ಫೋನಲ್ಲಿ ಒಂದು ಸೆಟ್ಟಿಂಗ್ ಇರುತ್ತೆ, ಡೇಟಾ ಸ್ವಿಚಿಂಗ್ ಅಂತ, ಒಂದು ಸಿಮ್ಮಿನ ಸಿಗ್ನಲ್ ಸೊರಗಿದ್ರೆ ತಾನೇ ಇನ್ನೊಂದು ಸಿಮ್ಮಿನ ಡೇಟಾ ಹಿಡ್ಕೊಳ್ಳೋದು. ಊರಲ್ಲಿ ಇದ್ದಾಗ ಅದು ಉಪಕಾರಿ. ಅಲ್ಲಿ ದ್ವೀಪಕ್ಕೆ ಬೋಟಲ್ಲಿ ಹೋಗುವಾಗ ಇ-ಸಿಮ್ ಸಿಗ್ನಲ್ ಹೋಗಿ, ಈ ಮಹಾನುಭಾವ ನನ್ನ ಪೋಸ್ಟ್‌ಪೇಯ್ಡ್ ಸಿಮ್ ಹಿಡ್ಕೊಂಡು, ತೆಗೆದ ಫೋಟೋ ವಿಡಿಯೋ ಎಲ್ಲಾ ಕ್ಲೌಡಿಗೆ ಏರಿಸ್ತಾ ಕೂತಿತ್ತು. ಡೇಟಾ ರೋಮಿಂಗ್ ಆಫ್ ಮಾಡಿದ್ರೆ ಆಗ್ತಿರ್ಲಿಲ್ಲ, ಅದನ್ನೂ ಆನ್ ಬಿಟ್ಟಿದ್ದೆ. ಮುಂದಿನ ತಿಂಗ್ಳ ಬಿಲ್ ನೋಡಿ ಎದೆ ಧಸಕ್ ಅಂತು. ಮನೆಯಾಕೆಗೆ ಇವತ್ತಿಗೂ ಪೂರ್ತಿ ಮೊತ್ತ ಹೇಳಿಲ್ಲ, ಇಲ್ಲೂ ಹೇಳಲ್ಲ.

ಇನ್ನೊಂದು. ನಮ್ಮ ಹಿರೇರು ಬಂದ ಕಾಲೆಲ್ಲಾ ಎತ್ತುತಾರೆ. ಪ್ಯಾಕ್ ಇಲ್ದೆ ರೋಮಿಂಗಲ್ಲಿ ಒಳಬರೋ ಕಾಲಿಗೂ ನಿಮಿಷಕ್ಕೆ ದುಡ್ಡು. ಲೋನ್ ಬೇಕಾ ಅಂತ ಕೇಳೋರು ಇಲ್ಲಿ ಬೆಳಿಗ್ಗೆ ಹತ್ತಕ್ಕೆ ಮಾಡಿದ್ರೆ ಜರ್ಮನೀಲಿ ಚಳಿಗಾಲದಾಗ ಐದೂವರೆ, ಎದ್ದು ಎತ್ತಿ, ಇಲ್ಲಪ್ಪಾ ಬೇಡ, ನಾನು ಮಗಳ ಮನೇಲಿದೀನಿ, ನೀನು ಯಾವೂರು ಅಂತ ಕೇಳಿ ಹತ್ತು ನಿಮಿಷ ಮಾತಾಡ್ತಾರೆ. ಮೆಸೇಜ್ ಬರೋಕೆ ದುಡ್ಡಿಲ್ಲ, ಕಾಲ್ ಎತ್ತಿದ್ರೆ ದುಡ್ಡು. ಇದನ್ನ ದೊಡ್ಡ ಅಕ್ಷರದಾಗೆ ಬರ್ದು ಕೊಡ್ರಿ.

ಎಂಸಿಸಿ ಬಿ ಬ್ಲಾಕ್:

ಮೇಲಿನೋರು ಎಲ್ಲಾ ಹೇಳಿದಾರೆ, ನಾನು ಇ-ಸಿಮ್ ಕೊಳ್ಳೋದರ ಬಗ್ಗೆ ಎರಡು ಮಾತು ಸೇರಿಸ್ತೀನಿ.

ಯೂಟ್ಯೂಬಲ್ಲಿ ಹೊರಗಿನೋರ ವಿಡಿಯೋ ನೋಡಿ ಏರಾಲೋ, ಹೋಲಾಫ್ಲೈ ಅಂತ ಇ-ಸಿಮ್ ಮಾರೋ ಆ್ಯಪ್ ಹುಡುಕಿ, ಸಿಗದಿದ್ರೆ ತಲೆ ಕೆಡಿಸ್ಕೊಬೇಡಿ. 2024ರ ಜನವರಿಯಲ್ಲಿ ಸರ್ಕಾರ ಹೇಳಿದ್ದಕ್ಕೆ ಆಪಲ್ಲು ಗೂಗಲ್ಲು ಎರಡೂ ಆ ಆ್ಯಪ್‌ಗಳನ್ನ ಭಾರತದ ಸ್ಟೋರಿಂದ ತೆಗೆದ್ವು. ಇಲ್ಲಿ ಕೂತು ಪರದೇಶದ ಸಿಮ್ ಮಾರೋಕೆ ದೂರಸಂಪರ್ಕ ಇಲಾಖೆ ಎನ್ಒಸಿ, ಅಂದ್ರೆ ಆಕ್ಷೇಪಣೆ ಇಲ್ಲ ಅನ್ನೋ ಪತ್ರ ಬೇಕು, ಗಿರಾಕಿ ಪಾಸ್‌ಪೋರ್ಟ್ ದಾಖಲೆ ಎಲ್ಲಾ ಇಟ್ಕೊಬೇಕು, ಸಿಮ್ ವಂಚನೆ ಜಾಸ್ತಿ ಆಗಿ ಅದನ್ನ ಬಿಗಿ ಮಾಡಿದ್ದು. ಎನ್ಒಸಿ ಇರೋ ಇಲ್ಲಿನ ಕಂಪ್ನಿಗಳೂ ಇದಾವೆ, ಪಾಸ್‌ಪೋರ್ಟು ವೀಸಾ ಪ್ರತಿ ಕೇಳ್ತಾರೆ, ಕೇಳಿದ್ರೆ ಗಾಬರಿ ಬೇಡ, ಕೇಳದೆ ಕೊಡೋರ ಬಗ್ಗೆ ಗಾಬರಿ ಇರ್ಲಿ.

ಪ್ಲಾನ್ ನೋಡುವಾಗ ಯುರೋಪ್ ಅಂತ ಇದ್ರೂ ದೇಶಗಳ ಪಟ್ಟಿ ಓದಿ. ಜರ್ಮನಿ ಇದ್ದೇ ಇರುತ್ತೆ, ಆದ್ರೆ ಸ್ಟುಟ್‌ಗಾರ್ಟಿಂದ ಸ್ವಿಟ್ಜರ್‌ಲೆಂಡ್ ಹತ್ರ, ಮಗು ಹುಟ್ಟೋಕೆ ಮುಂಚೆ ಅಳಿಯಂದ್ರು ಒಂದಿನ ಕರ್ಕೊಂಡು ಹೋಗ್ತೀನಿ ಅಂದ್ರೆ? ಸ್ವಿಟ್ಜರ್‌ಲೆಂಡ್ ಯುರೋಪಿಯನ್ ಯೂನಿಯನ್ನಲ್ಲಿ ಇಲ್ಲ, ಕೆಲವು ಪ್ಲಾನಲ್ಲಿ ಅದು ಇರಲ್ಲ. ಕತಾರಂತೂ ಯುರೋಪ್ ಪ್ಲಾನಲ್ಲಿ ಇರಲ್ಲ, ದೋಹಾ ಏರ್‌ಪೋರ್ಟಲ್ಲಿ ಫ್ರೀ ವೈಫೈ ಐತೆ, ಅದೇ ಸಾಕು, ಆ ನಾಲ್ಕು ತಾಸಿಗೆ ವರ್ಲ್ಡ್ ಪ್ಲಾನ್ ತಗೊಂಡು ದುಡ್ಡು ಸುರೀಬೇಡಿ.

ಅನ್‌ಲಿಮಿಟೆಡ್ ಅನ್ನೋ ಪದ ನೋಡಿ ಮರುಳಾಗ್ಬೇಡಿ, ಬಾಳ ಕಡೆ ದಿನಕ್ಕೆ ಇಂತಿಷ್ಟು ಆದ ಮೇಲೆ ಎತ್ತಿನ ಗಾಡಿ ವೇಗ, ಹಾಟ್‌ಸ್ಪಾಟಿಗೂ ಮಿತಿ. ನಿಮ್ಮ ಅವ್ವಾರ ಫೋನಿಗೆ ಅಪ್ಪಾರ ಫೋನಿಂದ ಹಾಟ್‌ಸ್ಪಾಟ್ ಕೊಡೋದಾದ್ರೆ ಅದು ನಡೆಯುತ್ತಾ ಅಂತ ನೋಡಿ.

ವ್ಯಾಲಿಡಿಟಿ ಯಾವಾಗಿಂದ ಶುರು ಅನ್ನೋದೂ ಓದಿ. ಬಾಳಷ್ಟು ಅಲ್ಲಿ ಇಳಿದು ನೆಟ್‌ವರ್ಕ್ ಹಿಡಿದಾಗಿಂದ, ಕೆಲವು ಮಾತ್ರ ಫೋನಿಗೆ ಹಾಕಿದ ಗಳಿಗೆಯಿಂದ್ಲೇ. ಕ್ಯೂಆರ್ ಕೋಡ್ ವಾಟ್ಸ್ಯಾಪಲ್ಲಿ ಅದೇ ಫೋನಿಗೆ ಬಂದ್ರೆ ಅದೇ ಫೋನಿಂದ ಹೆಂಗೆ ಸ್ಕ್ಯಾನ್ ಮಾಡ್ತೀರಿ, ನಿಮ್ಮ ಫೋನಲ್ಲೋ ಲ್ಯಾಪ್‌ಟಾಪಲ್ಲೋ ತೆರೆದು ಹಿಡೀರಿ. ಮನೆ ವೈಫೈಲಿ ಮಾಡಿ. ಮತ್ತೆ ಆ ಕೋಡ್ ಸಾಮಾನ್ಯವಾಗಿ ಒಂದೇ ಸಲ. ಒಮ್ಮೆ ಹಾಕಿ ಡಿಲೀಟ್ ಮಾಡಿದ್ರೆ ಮತ್ತೆ ಸ್ಕ್ಯಾನ್ ಮಾಡಿದ್ರೂ ಬರಲ್ಲ, ನನ್ನ ಗೆಳೆಯ ದೇವನಹಳ್ಳಿ ಏರ್‌ಪೋರ್ಟಲ್ಲಿ ಬೋರ್ಡಿಂಗ್ ಗೇಟ್ ಮುಂದೆ ಕೂತು, ಇಲ್ಲಿ ನೆಟ್‌ವರ್ಕ್ ತೋರಿಸ್ತಿಲ್ಲ, ಹಾಳಾಗೈತೆ ಅಂತ ಡಿಲೀಟ್ ಮಾಡ್ದ. ಇಲ್ಲಿ ಯಾಕೆ ತೋರ್ಸುತ್ತೆ ಮಾರಾಯಾ, ಅದು ಅಲ್ಲಿಗೆ ತಗೊಂಡಿದ್ದು!

ದುರ್ಗದ ಕಲ್ಲು:

ಬಿ ಬ್ಲಾಕ್ ಸರ್ ಹೇಳಿದ್ದು ನೂರಕ್ಕೆ ನೂರು. ನಾನು ಮರ್ತಿದ್ದು ಒಂದೆರಡು ಐತೆ.

ವಿಮಾನದಲ್ಲಿ ಏರ್‌ಪ್ಲೇನ್ ಮೋಡ್ ಹಾಕೇ ಇರ್ಲಿ. ಕೆಲವು ವಿಮಾನದೊಳಗೇ ಮೊಬೈಲ್ ನೆಟ್‌ವರ್ಕ್ ಇರುತ್ತೆ, ಉಪಗ್ರಹದ ಮೂಲಕ, ಇಲ್ಲಿ ಸಿಮ್ಮು ರೋಮಿಂಗಲ್ಲಿ ಅದನ್ನ ಹಿಡ್ಕೊಂಡ್ರೆ ಅದರ ದರನೇ ಬೇರೆ.

ಇ-ಸಿಮ್ ನೆಟ್ಟಲ್ಲಿ ಇದ್ದಾಗ ಜಗತ್ತಿನ ಕಣ್ಣಿಗೆ ನೀವು ಜರ್ಮನೀಲಿ ಇರಲ್ಲ, ಆ ಇ-ಸಿಮ್ ಕಂಪ್ನಿ ಯಾವ ದೇಶದ ದಾರಿಯಿಂದ ಇಂಟರ್‌ನೆಟ್ ಬಿಡುತ್ತೋ ಅಲ್ಲಿ ಇರ್ತೀರಿ. ಗೂಗಲ್ ಒಂದೊಂದ್ಸಲ ಪೋಲಿಷ್ ಭಾಷೇಲಿ ತೆರ್ಕೊಂಡ್ರೆ ಹೆದ್ರಬೇಡಿ. ಇದರಿಂದ ಒಂದು ತಾಪತ್ರಯ, ನಮ್ಮ ಸರ್ಕಾರಿ ವೆಬ್‌ಸೈಟ್ ಸುಮಾರು ಹೊರದೇಶದಿಂದ ತೆರೆಯೋದೇ ಇಲ್ಲ, ಕೆಲವು ಬ್ಯಾಂಕ್ ಆ್ಯಪೂ ಮುನಿಸ್ಕೊಳ್ತವೆ. ಕರೆಂಟ್ ಬಿಲ್ಲು, ಮನೆ ಕಂದಾಯ ಎಲ್ಲಾ ನೀವೇ ದಾವಣಗೆರೆಯಿಂದ ಕಟ್ಟಿ. ನವೆಂಬರ್ ಆ ಮಧ್ಯದಲ್ಲಿ ಬಂದ್ರೆ ಪೆನ್ಷನ್ನಿನ ಲೈಫ್ ಸರ್ಟಿಫಿಕೇಟ್ ವಿಷ್ಯ ಬ್ಯಾಂಕಲ್ಲಿ ಹೋಗೋಕೆ ಮುಂಚೆನೇ ಕೇಳಿ, ಅಲ್ಲಿ ಕೂತು ಪರದಾಡೋದು ಬೇಡ.

ಆಮೇಲೆ ಡೇಟಾ ಎಷ್ಟು ಅಂತ. ಮ್ಯಾಪು, ವಾಟ್ಸ್ಯಾಪ್ ಮೆಸೇಜು ಏನೂ ತಿನ್ನಲ್ಲ. ತಿನ್ನೋದು ವಿಡಿಯೋ, ಮತ್ತೆ ನಮಗೆ ಕಾಣದಂಗೆ ಹಿಂದೆ ನಡೆಯೋ ಫೋಟೋ ಬ್ಯಾಕಪ್ಪು, ಆ್ಯಪ್ ಅಪ್‌ಡೇಟು. ಅವೆರಡನ್ನೂ ವೈಫೈಲಿ ಮಾತ್ರ ಅಂತ ಮಾಡಿಬಿಡಿ. ಫ್ರಾಂಕ್‌ಫರ್ಟಿಂದ ಸ್ಟುಟ್‌ಗಾರ್ಟ್ ತನಕದ ಮ್ಯಾಪು ಇಲ್ಲೇ ಆಫ್‌ಲೈನ್ ಇಳಿಸಿ. ರೈಲು ಐಸಿಇ, ಅಂದ್ರೆ ಅಲ್ಲಿನ ಫಾಸ್ಟ್ ರೈಲು ಆದ್ರೆ ಅದರಲ್ಲೂ ಫ್ರೀ ವೈಫೈ.

ಬರೀ ಡೇಟಾ ಇ-ಸಿಮ್ಮಲ್ಲಿ ಕಷ್ಟ ಕಾಲಕ್ಕೆ ಫೋನ್ ಮಾಡೋದು ಹೆಂಗೆ ಅಂತ ಅಪ್ಪಾಜಿ ಕೇಳೇ ಕೇಳ್ತಾರೆ. ಯುರೋಪಲ್ಲಿ ತುರ್ತು ನಂಬರ್ 112, ನಮ್ಮಲ್ಲೂ 112, ಹೊಸದು ಕಲಿಯೋದೇನಿಲ್ಲ. ಇಲ್ಲಿ ಸಿಮ್ ಒಳಗೆ ಜೀವಂತ ಇರುತ್ತಲ್ಲ, ಅದರಿಂದ ಹೋಗುತ್ತೆ. ಸಿಮ್ ಇಲ್ಲದ ಫೋನಿಂದ ಜರ್ಮನೀಲಿ 112 ಹೋಗಲ್ಲ, ಅದಕ್ಕೂ ಸೇರಿ ಹೇಳ್ತೀನಿ ಇಲ್ಲಿ ಸಿಮ್ ತೆಗೆದು ಪರ್ಸಲ್ಲಿ ಇಟ್ಕೊಂಡು ಹೋಗೋರ ಮಾತು ಕೇಳಬೇಡಿ.

ಮಂಡಕ್ಕಿ ಮಿರ್ಚಿ:

ಇಷ್ಟು ಓದೋ ಹೊತ್ತಿಗೆ ನಾನು ಎರಡು ಬೆಣ್ಣೆ ದೋಸೆ ತಿಂದು ಬಂದೆ. ಸರಿ ಒಪ್ಕಂಡೆ, ಇ-ಸಿಮ್ಮೇ ಹಾಕ್ಸ್ರಿ.

ಕುಂದವಾಡ ಕೆರೆ:

ಮುಂದಿನ ಕಥೆ ಹೇಳೋದು ತಡ ಆತು, ಅಪ್ಪ-ಅವ್ವ ಹೋಗಿ ಐದು ವಾರ ಆತು, ಕ್ಷಮ್ಸಿ. ಮೊದ್ಲು ಸಿಹಿ ಸುದ್ದಿ, ತಂಗಿಗೆ ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ.

ಪಿಬಿ ರೋಡ್ ಸರ್ ಹೇಳಿದಂಗೇ ಪೆನ್ಷನ್ ಸಿಮ್ ಒಂದ್ನೇ ಸ್ಲಾಟಿಗೆ, ಇನ್ನೊಂದು ಅವ್ವನ ಫೋನಿಗೆ. ರೋಮಿಂಗ್ ಸೇವೆ ಕೇಳಿ ಆನ್ ಮಾಡಿಸ್ದೆ. ಇಲ್ಲೇ ಒಬ್ರ ಹತ್ರ 30 ದಿನದ್ದು 10 ಜಿಬಿ ಯುರೋಪ್ ಇ-ಸಿಮ್ ತಗೊಂಡೆ, ಪಾಸ್‌ಪೋರ್ಟ್ ಕೇಳಿದ್ರು, ಕೊಟ್ಟೆ. ಮನೇಲೇ ಸ್ಕ್ಯಾನ್ ಮಾಡಿ ಹೆಸ್ರು ಕನ್ನಡದಾಗೇ ಜರ್ಮನಿ ನೆಟ್ ಅಂತ ಇಟ್ಟೆ. ಒಂದು ಮದ್ವಿ ಕಾರ್ಡಿನ ಹಿಂದೆ ಎಲ್ಲಾ ದಪ್ಪಕ್ಷರದಾಗೆ ಬರ್ದು ಅಪ್ಪನ ಜೇಬಿಗೆ ಇಟ್ಟೆ. ದೋಹಾ ಬಂದ ಕೂಡ್ಲೆ ವೈಫೈಲಿ ವಿಡಿಯೋ ಕಾಲ್ ಬಂತು, ಅವ್ವ ಅಲ್ಲಿರೋ ದೊಡ್ಡ ಹಳದಿ ಕರಡಿ ಗೊಂಬೆ ತೋರ್ಸಿದ್ಲು. ಎಲ್ಲಾ ಸುಸೂತ್ರ ಅಂದ್ಕಂಡೆ.

ಫ್ರಾಂಕ್‌ಫರ್ಟಲ್ಲಿ ಇಳಿದ್ರು, ಇಲ್ಲಿ ಸಂಜೆ ಐದೂವರೆ, ಅಲ್ಲಿ ಮಧ್ಯಾಹ್ನ ಒಂದು. ಫೋನಿಲ್ಲ. ಆರಾತು, ಆರೂವರೆ ಆತು. ಅಳಿಯಂದ್ರು ಇನ್ನೂ ಬಂದಿಲ್ಲ ಮಾವಾರು ಅಂತ ನನಗೆ ಮೆಸೇಜ್ ಹಾಕ್ತಿದಾರೆ, ನಾನು ಇಲ್ಲಿ ಮನೆ ತುಂಬಾ ಓಡಾಡ್ತಿದೀನಿ. ಆರೂಮುಕ್ಕಾಲಿಗೆ ಅಪ್ಪನ ಕಾಲ್. ಏರ್‌ಪೋರ್ಟ್ ವೈಫೈ ಹಾಕ್ಕೊಂಡಾರೆ, ದೋಹಾದಾಗ ಕಲ್ತಿದ್ರಲ್ಲ ಅದೇ ನೆಪ್ಪಿಟ್ಕೊಂಡು! ನಿನ್ನ ಜರ್ಮನಿ ನೆಟ್ ಬರ್ತಿಲ್ಲಪ್ಪಾ ಅಂದ್ರು.

ಏನಾಗಿತ್ತು ಗೊತ್ತಾ. ನಾನು ಮದ್ವಿ ಕಾರ್ಡ್ ಮೇಲೆ ಬರ್ದಿದ್ದೆ, ರೋಮಿಂಗ್ ಆಫ್ ಇರ್ಲಿ, ಇಲ್ಲಾಂದ್ರೆ ಸಾವಿರಾರು ರೂಪಾಯಿ ಹೋಗುತ್ತೆ ಅಂತ, ಕೆಳಗೆ ಎರಡು ಗೆರೆ ಎಳ್ದಿದ್ದೆ. ಯಾವ ಸಿಮ್ಮಿಂದು ಅಂತ ಬರೆಯೋದೇ ಮರ್ತಿದ್ದೆ. ಮೇಷ್ಟ್ರು ಬರ್ದಿದ್ದನ್ನ ಬರ್ದಂಗೆ ಪಾಲಿಸೋರು. ವಿಮಾನ ಇಳಿದ ಕೂಡ್ಲೆ ಎರಡೂ ಸಿಮ್ಮಿನ ರೋಮಿಂಗ್ ಆಫ್ ಮಾಡಿ, ಸರಿ ಐತಾ ಅಂತ ಎರಡು ಸಲ ನೋಡ್ಕಂಡು, ಬೆಲ್ಟ್ ಹತ್ರ ಬ್ಯಾಗಿಗೆ ಕಾದು ನಿಂತಿದಾರೆ. ದುರ್ಗದಣ್ಣ ಒಂದು ಆನ್ ಒಂದು ಆಫ್ ಅಂತ ಇಲ್ಲೇ ಬರ್ದಿದ್ರು, ಓದ್ದೆ, ತಲೆ ಆಡಿಸ್ದೆ, ಕಾರ್ಡಿಗೆ ಇಳಿಸ್ಲಿಲ್ಲ. ವೈಫೈ ಕಾಲಲ್ಲೇ ಜರ್ಮನಿ ನೆಟ್ಟಿಗೆ ಆನ್ ಮಾಡಿಸ್ದೆ, ಎರಡು ನಿಮಿಷಕ್ಕೆ ಸಿಗ್ನಲ್ ಬಂತು, ಅಪ್ಪ ಲೊಕೇಶನ್ ಕಳ್ಸಿದ್ರು, ಅಳಿಯಂದ್ರು ಹತ್ತು ನಿಮಿಷದಾಗೆ ಹಿಡ್ಕಂಡ್ರು. ನಾನು ಬೈಸ್ಕಂಡೆ. ಪ್ರಶ್ನೆ ಪತ್ರಿಕೆ ತಪ್ಪು ಕೊಟ್ಟು ಉತ್ರ ತಪ್ಪು ಅಂದ್ರೆ ಹೆಂಗೋ ಅಂದ್ರು.

ಒಟಿಪಿ ಬರ್ತೈತಿ, ಪೆನ್ಷನ್ ಬಿದ್ದ ಮೆಸೇಜ್ ಒಂದ್ನೇ ತಾರೀಖೇ ಬಂತು, ಅಪ್ಪ ಸ್ಕ್ರೀನ್‌ಶಾಟ್ ಹಾಕಿದ್ರು. ಒಂದು ಕ್ರೆಡಿಟ್ ಕಾರ್ಡ್ ಕಾಲ್ ಮಾತ್ರ ಎತ್ತಿದಾರೆ, ನಾಲ್ಕು ನಿಮಿಷ. ಹರಿಹರದಣ್ಣಾ ನೀವು ಹೇಳಿದ್ದು ಸುಳ್ಳಾಗ್ಲಿಲ್ಲ.

ಎರಡ್ನೇ ವಾರ ಅಳಿಯಂದ್ರು ಪಾಸ್‌ಪೋರ್ಟ್ ತಗೊಂಡು ಹೋಗಿ ಅಲ್ಲೀ ಪ್ರೀಪೇಯ್ಡ್ ಸಿಮ್ ಮಾಡ್ಸಿ ಅವ್ವನ ಫೋನಿನ ಖಾಲಿ ಸ್ಲಾಟಿಗೆ ಹಾಕಿದಾರೆ. ಇ-ಸಿಮ್ 10 ಜಿಬೀಲಿ ಮೂರು ಜಿಬಿನೂ ಮುಗೀಲಿಲ್ಲ, ಅವಧಿ ಮೊನ್ನೆ ಮುಗೀತು. ಈಗ ಅದನ್ನ ಫೋನಿಂದ ತೆಗಿಬೋದಾ?

ಪಿಬಿ ರೋಡ್ ಮೊಬೈಲ್:

ಮೊಮ್ಮಗಳು ಬಂದಿದ್ದು ಖುಷಿ ಸರ್. ಅವಧಿ ಮುಗಿದಿದ್ದು ಡಿಲೀಟ್ ಮಾಡ್ಬೋದು, ಕೆಲವು ಕಂಪ್ನಿದಕ್ಕೆ ಮತ್ತೆ ರೀಚಾರ್ಜ್ ಮಾಡೋಕೆ ಬರುತ್ತೆ, ವಾಪಸ್ ಬರೋ ದಿನಕ್ಕೆ ಬೇಕಾದ್ರೆ ಇರ್ಲಿ. ಡಿಲೀಟ್ ಮಾಡಿದ್ರೆ ಹೆಸ್ರು ನೋಡಿ ಮಾಡ್ಲಿ.

ಕುಂದವಾಡ ಕೆರೆ:

ಈಗ ಅಪ್ಪಂಗೆ ಫೋನ್ ಮಾಡಿ ಕೇಳ್ದೆ ಸರ್. ಏಳು ಜಿಬಿ ಇನ್ನೂ ಐತಿ, ದುಡ್ಡು ಕೊಟ್ಟಿರೋದು, ಯಾಕೆ ಅಳಿಸ್ಬೇಕು ಅಂತಾರೆ. ಅವಧಿ ಮುಗಿದೈತಿ ಅಂದೆ. ಇರ್ಲಿ ಬಿಡು, ಸ್ಲೇಟಿನಾಗೆ ಜಾಗ ಐತಲ್ಲ ಅಂದ್ರು.